ಬೆಣ್ಣೆದೋಸೆಯ ಲೆಕ್ಕ, ಬಸ್ಕಿಯ ಲೆಕ್ಕ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ವ್ಯಾಯಾಮದ ಬಗ್ಗೆ ಬಂದ ಪತ್ರಗಳಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ. ಮಾತ್ರೆಗೆ ಇರುವಂತೆ ವ್ಯಾಯಾಮಕ್ಕೂ ಡೋಸು, ಹೊತ್ತು ಎರಡೂ ಇವೆ. ಪತ್ರಗಳಲ್ಲಿ ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ತಪ್ಪಿದ್ದರಿಂದ ಬಂದವು.

ಪ್ರಶ್ನೆ: ಪಿ.ಜೆ. ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇದೆ. ವಯಸ್ಸು 41. ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತರವರೆಗೂ ಗಲ್ಲಾದ ಮುಂದೆಯೇ. ದಿನಾ ಒಂದು ಗಂಟೆ ವಾಕಿಂಗ್ ಆಗದ ಮಾತು. ಹತ್ತು ಹತ್ತು ನಿಮಿಷ ನಡೆದರೆ ಏನಾದರೂ ಪ್ರಯೋಜನ ಇದೆಯೇ? ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೇ?
– ವ್ಯಾಪಾರಿ, ದಾವಣಗೆರೆ

ಉತ್ತರ: ಇದೆ, ಚೆನ್ನಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿಯಲ್ಲಿ 'ಒಮ್ಮೆಗೆ ಕನಿಷ್ಠ ಹತ್ತು ನಿಮಿಷ' ಎಂಬ ಷರತ್ತಿತ್ತು. 2020ರಲ್ಲಿ ಅದನ್ನೂ ಕೈಬಿಟ್ಟರು. ಈಗ ದೊಡ್ಡವರಿಗೆ ಹೇಳುವ ಅಳತೆ ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಏದುಸಿರು ಬರಿಸುವಂಥದ್ದು. ಇದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು.

'ಸಾಧಾರಣ ಬಿರುಸು' ಅಂದರೆ ಎಷ್ಟು ಎಂದು ತಿಳಿಯಲು ವಾಚು ಬೇಕಿಲ್ಲ. ನಡೆಯುತ್ತಾ ಜೊತೆಯವರ ಹತ್ತಿರ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು. ಆ ವೇಗ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ. 15 ಸೆಕೆಂಡಿನಲ್ಲಿ 25 ಹೆಜ್ಜೆ ಬಿತ್ತಾ ಎಂದು ಎಣಿಸಿ ನೋಡಿ. ಫೋನಿನಲ್ಲಿ ಮಾತಾಡುತ್ತಾ, ಅಂಗಡಿಗಳ ಬೋರ್ಡು ಓದುತ್ತಾ ನಡೆದರೆ ಅರವತ್ತೂ ದಾಟುವುದಿಲ್ಲ.

ಇದನ್ನು ನಿಮ್ಮ ದಿನಕ್ಕೆ ಹೊಂದಿಸೋಣ. ಬೈಕನ್ನು ಅಂಗಡಿಯಿಂದ ಮುಕ್ಕಾಲು ಕಿಲೋಮೀಟರ್ ದೂರದಲ್ಲೇ ನಿಲ್ಲಿಸಿದರೆ ಬರುವಾಗ 10 ನಿಮಿಷ, ಹೋಗುವಾಗ 10 ನಿಮಿಷ ನಡೆದಂತಾಯಿತು. ವಾರದ ಆರು ದಿನಕ್ಕೆ 120 ನಿಮಿಷ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಇನ್ನೊಂದು ಹತ್ತು ನಿಮಿಷ ಸೇರಿಸಿದರೆ 180. ಮೇಲಿನ ರ‍್ಯಾಕಿನ ಥಾನು ಇಳಿಸಲು ಪ್ರತಿ ಸಲ ಹುಡುಗನನ್ನು ಕೂಗಬೇಡಿ, ನೀವೇ ಏಳಿ. ಗಿರಾಕಿ ಇಲ್ಲದಾಗ ಕೌಂಟರ್ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, 15ರಂತೆ ಮೂರು ಸಲ. ಕೂತೇ ಇದ್ದರೆ ಕಾಲಿನಲ್ಲಿ ನಿಲ್ಲುವ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡವೇ. ಮುಕ್ಕಾಲು ಗಂಟೆಗೊಮ್ಮೆ ಎರಡು ನಿಮಿಷ ಎದ್ದರೂ ಸಾಕು. ದಿನವಿಡೀ ನಿಂತೇ ಇರುವ ಸೇಲ್ಸ್ ಹುಡುಗರಿಗೂ ಇದೇ ಮಾತು. ನಿಲ್ಲುವುದು ವ್ಯಾಯಾಮವಲ್ಲ, ಬರೀ ನಿಂತವರ ಕಾಲಿನ ನರ ಉಬ್ಬುತ್ತದೆ.

ಹತ್ತು ಸಾವಿರದ ಲೆಕ್ಕ ವೈದ್ಯರಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಈಗ ಎರಡು ಮೂರು ಸಾವಿರದಲ್ಲಿರುವವರು ಆರೇಳು ಸಾವಿರಕ್ಕೆ ಬಂದರೆ ಸಿಗುವ ಲಾಭವೇ ದೊಡ್ಡದು.

ಇಡೀ ವಾರ ಕೂತು, ಭಾನುವಾರ ಕುಂದವಾಡ ಕೆರೆಗೆ ಹೋಗಿ ಎರಡು ಗಂಟೆ ಒಟ್ಟಿಗೇ ನಡೆದು ಬಾಕಿ ತೀರಿಸುವವರಿದ್ದಾರೆ. ಅದೂ ವ್ಯರ್ಥವಲ್ಲ. ಆದರೆ ಸೋಮವಾರ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವುದು ಹೆಚ್ಚಾಗಿ ಇಂಥವರಿಗೇ.

ಪ್ರಶ್ನೆ: ನನಗೆ 52 ವರ್ಷ, ಎಂಟು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆ ಬೆಳಗ್ಗೆ ರಾತ್ರಿ ತೆಗೆದುಕೊಳ್ಳುತ್ತೇನೆ. ಬೆಳಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದೆ. ಎರಡು ಸಲ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂದಂತಾಯಿತು. ಈಗ ಹೋಗಲು ಭಯ.
– ಗೃಹಿಣಿ, ಹೊಳಲ್ಕೆರೆ

ಉತ್ತರ: ಅಮ್ಮಾ, ನೀವು ಬರೆದಿರುವುದು ಶುಗರ್ ಇಳಿದಾಗಿನ ಲಕ್ಷಣ. ನಡಿಗೆ ಬಿಡಬೇಡಿ, ಹೊತ್ತು ಬದಲಿಸಿ.

ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಶುಗರ್ ಇರುವವರಿಗೆ ನಡಿಗೆಯಿಂದ ದೊಡ್ಡ ಉಪಕಾರ ಇದೇ. ಗ್ಲಿಮೆಪಿರೈಡ್ ಮಾತ್ರೆಯ ಕೆಲಸ ಬೇರೆ, ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ ಮೇದೋಜೀರಕಾಂಗದಿಂದ ಇನ್ಸುಲಿನ್ ಹೊರಡಿಸುತ್ತದೆ. ರಾತ್ರಿಯ ಮಾತ್ರೆಯ ಬಲ ಇನ್ನೂ ಇರುವಾಗ, ಹೊಟ್ಟೆ ಖಾಲಿ ಇರುವಾಗ ಒಂದು ಗಂಟೆ ನಡೆದರೆ ಮೂರೂ ಸೇರಿ ಶುಗರ್ ಕೆಳಗೆ ಬೀಳುತ್ತದೆ. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ.

ಇನ್ನು ಮೇಲೆ ಊಟ ತಿಂಡಿಯ ನಂತರ ನಡೆಯಿರಿ. ಉಂಡ ಮೇಲೆ ರಕ್ತದ ಸಕ್ಕರೆ ಸುಮಾರು ಒಂದು, ಒಂದೂವರೆ ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಕೈ ತೊಳೆದ 15ರಿಂದ 30 ನಿಮಿಷದೊಳಗೆ ಹೊರಟರೆ ಆ ತುದಿಯನ್ನೇ ತಗ್ಗಿಸಬಹುದು. ಮೂರು ಹೊತ್ತೂ 10ರಿಂದ 15 ನಿಮಿಷ ಸಾಕು. ಮೂರೂ ಆಗದಿದ್ದರೆ ರಾತ್ರಿಯದನ್ನು ಬಿಡಬೇಡಿ. ನಮ್ಮಲ್ಲಿ ರಾತ್ರಿ ಊಟವೇ ಭಾರಿ, ಅದಾದ ಮೇಲೆ ಧಾರಾವಾಹಿ ಮುಂದೆ ಕೂರುವುದೇ ರೂಢಿ. ಅಂಗಳ, ಟೆರೇಸು, ಮನೆಯೊಳಗಿನ ಪಡಸಾಲೆ ಯಾವುದಾದರೂ ಆದೀತು. ಒಂದು ನಡಿಗೆಯ ಗುಣ 24ರಿಂದ 48 ಗಂಟೆ ಉಳಿಯುತ್ತದೆ, ಆದ್ದರಿಂದ ಎರಡು ದಿನ ಸತತ ತಪ್ಪಿಸಬೇಡಿ.

ಸೆರಗಿನಲ್ಲೋ ಪರ್ಸಿನಲ್ಲೋ ಮೂರ್ನಾಲ್ಕು ಟೀ ಚಮಚ ಸಕ್ಕರೆಯ ಪೊಟ್ಟಣ ಇರಲಿ. ಕೈ ನಡುಕ ಬಂದ ಕೂಡಲೇ ಕೂತು, ಅಷ್ಟನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿಯಿರಿ. ಚಾಕೊಲೇಟ್, ಬಿಸ್ಕತ್ತು ಬೇಡ, ಅವುಗಳ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. 15 ನಿಮಿಷಕ್ಕೆ ಮತ್ತೆ ನೋಡಿ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಅಥವಾ ನಡುಕ ನಿಂತಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಸಕ್ಕರೆ. ಸರಿಹೋದ ಮೇಲೆ ಒಂದು ಇಡ್ಲಿಯೋ ಅರ್ಧ ರೊಟ್ಟಿಯೋ ತಿನ್ನಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಎರಡು ಸಲ ಹೀಗಾದದ್ದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಡೋಸು ಇಳಿಸಬೇಕಾಗಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಶುಗರ್ 250 ದಾಟಿ, ವಾಂತಿ ಸುಸ್ತು ಇರುವ ದಿನ ನಡಿಗೆಗೆ ರಜೆ, ಆಸ್ಪತ್ರೆಗೆ ಹೋಗಿ.

ಕಾಲಿನ ಮಾತು ಬೇರೆಯಾಗಿಯೇ ಹೇಳಬೇಕು. ಎಂಟು ವರ್ಷದ ಶುಗರ್‌ನಲ್ಲಿ ಅಂಗಾಲಿನ ಸ್ಪರ್ಶ ಕಡಿಮೆಯಾಗಿರಬಹುದು. ನಿಮ್ಮ ಕಡೆಯ ದಾರಿಗಳಲ್ಲಿ ಜಾಲಿಮುಳ್ಳಿಗೆ ಬರವಿಲ್ಲ, ಹವಾಯಿ ಚಪ್ಪಲಿಯ ಅಟ್ಟೆಯನ್ನು ತೂರಿ ಬರುತ್ತದೆ. ಚುಚ್ಚಿದ್ದು ಗೊತ್ತಾಗದೆ ನಾಲ್ಕನೇ ದಿನ ಕೀವಾದ ಮೇಲೆ ಕಾಲು ನೋಡಿಕೊಳ್ಳುವಂತಾಗುತ್ತದೆ. ಆದ್ದರಿಂದ ಕಾಲುಚೀಲ ಹಾಕಿ ಬೂಟು ಹಾಕಿಕೊಳ್ಳಿ. ಬೂಟಿನೊಳಗೆ ಕೈ ಹಾಕಿ ಕಲ್ಲು ಮುಳ್ಳು ಇಲ್ಲವೆಂದು ನೋಡಿಯೇ ಕಾಲಿಡಿ. ರಾತ್ರಿ ಮಲಗುವ ಮೊದಲು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಸೀರೆಗೆ ಬೂಟು ಚೆಂದ ಕಾಣುವುದಿಲ್ಲ ಎಂದು ಹಲವರು ಬರೆದಿದ್ದಾರೆ. ಚೆಂದ ಕಾಣುವುದಿಲ್ಲ, ನಿಜ. ಹಾಕಿಕೊಳ್ಳಿ.

ಪ್ರಶ್ನೆ: ನಿವೃತ್ತ ಶಿಕ್ಷಕ, 58 ವರ್ಷ, ತೂಕ 79 ಕೆ.ಜಿ. ಆರು ತಿಂಗಳಿಂದ ದಿನಾ ಬೆಳಗ್ಗೆ ಕೋಟೆ ಹತ್ತುತ್ತಿದ್ದೇನೆ. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಬಲಮಂಡಿ ನೋಯುತ್ತದೆ. ಎಕ್ಸ್‌ರೇಯಲ್ಲಿ 'ಸ್ವಲ್ಪ ಸವೆದಿದೆ' ಎಂದರು. ಕೆಲವರು ನಡೆಯಲೇಬೇಡಿ ಎನ್ನುತ್ತಾರೆ.
– ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ನಡೆಯಬೇಡಿ ಎನ್ನುವ ಸಲಹೆಯನ್ನು ಬಿಡಿ. ಮಂಡಿಯ ಮೃದ್ವಸ್ಥಿಗೆ, ಅಂದರೆ ಮೂಳೆ ತುದಿಯ ನುಣುಪು ಹೊದಿಕೆಗೆ, ರಕ್ತನಾಳವಿಲ್ಲ. ಒತ್ತು ಬಿದ್ದಾಗ ಹಿಂಡಿ, ಬಿಟ್ಟಾಗ ಹೀರಿ, ಕೀಲಿನ ದ್ರವದಿಂದಲೇ ಅದಕ್ಕೆ ಆಹಾರ. ಕೂತರೆ ಅದೂ ಸೊರಗುತ್ತದೆ, ತೊಡೆಯ ಸ್ನಾಯುವೂ ಸೊರಗುತ್ತದೆ.

ತೊಂದರೆ ಇರುವುದು ಇಳಿಯುವುದರಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಾ ಮೈಭಾರ ತಡೆಯಬೇಕು, ಮಂಡಿಚಿಪ್ಪು ಮೂಳೆಗೆ ಒತ್ತಿ ಕೂರುತ್ತದೆ. ಆ ಗಳಿಗೆಯಲ್ಲಿ ಮಂಡಿಯ ಮೇಲಿನ ಹೊರೆ ಮೈತೂಕದ ಮೂರು ಪಟ್ಟು ದಾಟುತ್ತದೆ. ನಿಮ್ಮ ಲೆಕ್ಕದಲ್ಲಿ 240 ಕೆ.ಜಿ. ಆಸುಪಾಸು, ಅದೂ ಒಂದೊಂದು ಮೆಟ್ಟಿಲಿಗೆ. ಕೋಟೆಯ ಮೆಟ್ಟಿಲುಗಳು ಒಂದೇ ಎತ್ತರದವಲ್ಲ, ಎಷ್ಟೋ ಕಡೆ ಹಿಡಿಕೆ ಇಲ್ಲ, ಕಲ್ಲು ಸವೆದು ನುಣುಪಾಗಿದೆ. ತೊಡೆಗೆ ಬಲ ಬರುವ ಮೊದಲೇ ಕೋಟೆ ಹತ್ತಿದಿರಿ.

ಆರು ವಾರ ಕೋಟೆಗೆ ಬಿಡುವು ಕೊಡಿ. ಚಂದ್ರವಳ್ಳಿ ಕಡೆಗೋ ಮೈದಾನದಲ್ಲೋ ಸಮತಟ್ಟಾದ ಜಾಗದಲ್ಲಿ 20 ನಿಮಿಷದಿಂದ ಶುರುಮಾಡಿ. ಮನೆಯಲ್ಲಿ ಮೂರು ಕೆಲಸ, ವಾರಕ್ಕೆ ನಾಲ್ಕೈದು ದಿನ.

ಮೊದಲನೆಯದು, ಕಾಲು ಚಾಚಿ ಕೂತು ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಮಂಡಿಯಿಂದ ಅದನ್ನು ನೆಲಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು, ಹತ್ತು ಸಲ. ಎರಡನೆಯದು, ಅಂಗಾತ ಮಲಗಿ ಎಡಗಾಲು ಮಡಚಿ, ಬಲಗಾಲನ್ನು ಬಗ್ಗಿಸದೆ ಒಂದಡಿ ಎತ್ತಿ 5 ಸೆಕೆಂಡ್ ನಿಲ್ಲಿಸಿ ಮೆಲ್ಲಗೆ ಇಳಿಸುವುದು, ಇದೂ ಹತ್ತು. ಎಡಗಾಲು ಮಡಚದಿದ್ದರೆ ಸೊಂಟ ಎಳೆಯುತ್ತದೆ. ಮೂರನೆಯದೇ ಮುಖ್ಯ: ಊಟದ ಮೇಜಿನ ಕುರ್ಚಿಯಿಂದ, ಕೈ ಎದೆಗೆ ಕಟ್ಟಿ, ಎದ್ದು ಕೂರುವುದು. ಏಳಲು ಎರಡು ಎಣಿಕೆ, ಕೂರಲು ನಾಲ್ಕು ಎಣಿಕೆ. 8 ಸಲ, ಸ್ವಲ್ಪ ದಣಿವಾರಿಸಿಕೊಂಡು ಮತ್ತೆ 8. ಎಲ್ಲರೂ ತಪ್ಪುವುದು ಕೂರುವಾಗ, ಕೊನೆಯ ಅರ್ಧ ಅಡಿಯಲ್ಲಿ ದೊಪ್ಪನೆ ಬೀಳುತ್ತಾರೆ. ಆ ಅರ್ಧ ಅಡಿಯೇ ನಿಮ್ಮ ಕೋಟೆ ಇಳಿಯುವ ಅಭ್ಯಾಸ. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಮೂರು ವಾರವಾದ ಮೇಲೆ ನಾಲ್ಕು ಬೆರಳೆತ್ತರದ ಮಣೆಯೊಂದರ ಮೇಲೆ ಹತ್ತಿ ನಿಧಾನ ಇಳಿಯುವುದನ್ನು ಸೇರಿಸಿ.

ನೋವನ್ನು ಹತ್ತಕ್ಕೆ ಅಂಕ ಹಾಕುವುದು ನಿಮಗೆ ಹೊಸದಲ್ಲ. 3ರವರೆಗೆ ಸಹಿಸಬಹುದು, ಮರುದಿನ ಬೆಳಗ್ಗೆಗೆ ಮೊದಲಿನಂತಾಗಿರಬೇಕು. ಆಗದಿದ್ದರೆ ಎಣಿಕೆ ಅರ್ಧ ಮಾಡಿ. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡರೆ, ಇದ್ದಕ್ಕಿದ್ದಂತೆ ಮಡಚಿ ಬೀಳುವಂತಾದರೆ ಮೂಳೆ ಡಾಕ್ಟರಿಗೆ ತೋರಿಸಿ. ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ.

ಮತ್ತೆ ಕೋಟೆಗೆ ಹೋದಾಗ ಎಡಗೈಯಲ್ಲಿ ಕೋಲು ಇರಲಿ, ನೋಯುವ ಕಾಲಿನ ಎದುರು ಕೈಯಲ್ಲಿ. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ. ಕೋಲಿನಿಂದ ಮಂಗಗಳೂ ಸ್ವಲ್ಪ ದೂರ ಇರುತ್ತವೆ.

ಪ್ರಶ್ನೆ: ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಮನೆಗೆಲಸ. ಕಸ ಗುಡಿಸಿ, ನೆಲ ಒರೆಸಿ, ರೊಟ್ಟಿ ಬಡಿಯುವುದೇ ವ್ಯಾಯಾಮವಲ್ಲವೇ? ಆದರೂ ತೂಕ ಇಳಿದಿಲ್ಲ. ಭಾನುವಾರ ಒಂದು ಬೆಣ್ಣೆದೋಸೆ ತಿಂದರೆ ಎಷ್ಟು ನಡೆಯಬೇಕು?
– ವಿದ್ಯಾನಗರ, ದಾವಣಗೆರೆ

ಉತ್ತರ: ಬಗ್ಗಿ ನೆಲ ಒರೆಸುವುದು, ಬಟ್ಟೆ ಒಗೆಯುವುದು, ನೀರಿನ ಕೊಡ ಹೊರುವುದು ಸಾಧಾರಣ ಬಿರುಸಿನ ಲೆಕ್ಕಕ್ಕೆ ಸೇರುತ್ತವೆ. ಅಡುಗೆ, ರೊಟ್ಟಿ, ಪಾತ್ರೆ ಸೇರುವುದಿಲ್ಲ, ಅವುಗಳಲ್ಲಿ ದಣಿವಿದೆ, ಉಸಿರು ಏರುವುದಿಲ್ಲ. ಜೊತೆಗೆ ದಿನಾ ಮಾಡುವುದು ಅದದೇ ಸ್ನಾಯುಗಳ ಕೆಲಸ. ಮುಂದೆ ಬಗ್ಗುವುದೇ ಹೆಚ್ಚು, ಹಿಂದಕ್ಕೆ ಎಳೆಯುವುದು ಇಲ್ಲವೇ ಇಲ್ಲ. ಸಂಜೆಗೆ ಸೊಂಟ, ಹೆಗಲು ಹಿಡಿಯುವುದು ಅದಕ್ಕೇ. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ಅಡುಗೆಕಟ್ಟೆಗೆ ಕೈಕೊಟ್ಟು ದಂಡ ಹತ್ತು, ಕುರ್ಚಿಯಿಂದ ಎದ್ದು ಕೂರುವುದು ಹತ್ತು, ಹೆಗಲಿನ ಹಲಗೆಗಳನ್ನು ಹಿಂದಕ್ಕೆ ಹಿಂಡಿ ಹಿಡಿಯುವುದು ಹತ್ತು. ದಿನ ಬಿಟ್ಟು ದಿನ ಸಾಕು. ಜೊತೆಗೆ ಹೊರಗೆ ಕಾಲಿಟ್ಟು 20 ನಿಮಿಷ ಬಿರುಸು ನಡಿಗೆ.

ದೋಸೆಯ ಲೆಕ್ಕಕ್ಕೆ ಬರೋಣ. ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ. 60 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ಎರಡು ಚಮಚಕ್ಕೆ ಒಂದು ಗಂಟೆ, ಅದೂ ಬರೀ ಬೆಣ್ಣೆಗೆ. ದೋಸೆ, ಆಲೂಗಡ್ಡೆ ಪಲ್ಯ, ಕಾಯಿಚಟ್ನಿಯ ಬಾಬತ್ತು ಬೇರೆ. ತಿಂದದ್ದನ್ನು ನಡೆದು ತೀರಿಸುವ ಈ ವ್ಯಾಪಾರದಲ್ಲಿ ಗೆದ್ದವರಿಲ್ಲ. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಲ್ಲಿ. ನಡಿಗೆ ಶುಗರ್, ಬಿ.ಪಿ., ನಿದ್ದೆ, ಮೂಳೆಗೆ ಒಳ್ಳೆಯದು ಮಾಡುತ್ತದೆ, ತೂಕದ ಮುಳ್ಳು ಕದಲದಿದ್ದರೂ ಮಾಡುತ್ತದೆ. ಭಾನುವಾರದ ಒಂದು ದೋಸೆ ತಿನ್ನಿ, ಪರವಾಗಿಲ್ಲ. ಸಂಜೆಯ ಮಿರ್ಚಿ ಮಂಡಕ್ಕಿ ದಿನಾ ಇದೆಯೇ ಎಂಬುದನ್ನು ನೀವು ಬರೆದಿಲ್ಲ.

ಪ್ರಶ್ನೆ: ವಯಸ್ಸು 19, ಹಾಸ್ಟೆಲಿನಲ್ಲಿದ್ದೇನೆ. ಗರಡಿಗೆ ಹೋಗುವ ಗೆಳೆಯನ ಜೊತೆ ಪಂಥ ಕಟ್ಟಿ ಒಂದೇ ಸಲಕ್ಕೆ 300 ಬಸ್ಕಿ ಹೊಡೆದೆ. ಮೂರನೇ ದಿನ ತೊಡೆ ಊದಿ ಕಲ್ಲಿನಂತಾಗಿದೆ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ. ನೋವಿನ ಮಾತ್ರೆ ತೆಗೆದುಕೊಳ್ಳಲೇ? ಪ್ರೋಟೀನ್ ಪೌಡರ್ ಬೇಕೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಈ ಪತ್ರಕ್ಕೆ ಅಂಚೆಗೆ ಕಾಯದೆ ಫೋನಿನಲ್ಲೇ ಉತ್ತರಿಸಿದ್ದಾಗಿದೆ. ಬೇರೆ ಹುಡುಗರಿಗೂ ಬೇಕೆಂದು ಅಚ್ಚು ಮಾಡುತ್ತಿದ್ದೇವೆ.

ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಭ್ಯಾಸವಿಲ್ಲದ ಸ್ನಾಯುವನ್ನು ಮಿತಿಮೀರಿ ದುಡಿಸಿದಾಗ ಅದರ ಕಣಗಳು ಒಡೆದು, ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸುರಿಯುತ್ತದೆ. ಸೋಸಲು ಹೋದ ಮೂತ್ರಪಿಂಡಕ್ಕೆ ಅದು ವಿಷ. ಸ್ನಾಯು ಎಷ್ಟು ಒಡೆದಿದೆ, ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಸಿ.ಕೆ., ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿ, ಬೇಕಾದರೆ ಡ್ರಿಪ್ ಹಾಕುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಲೇಬೇಡಿ, ಅವು ಮೂತ್ರಪಿಂಡಕ್ಕೆ ಇನ್ನೊಂದು ಏಟು. ಸಾಮಾನ್ಯ ಮೈಕೈ ನೋವು ಬೇರೆ: ಅದು ಎರಡು ಮೂರನೇ ದಿನಕ್ಕೆ ಏರಿ, ಆಮೇಲೆ ತಾನೇ ಇಳಿಯುತ್ತದೆ, ಮೂತ್ರದ ಬಣ್ಣ ಬದಲಾಗುವುದಿಲ್ಲ.

ಗರಡಿಯಲ್ಲಿ ತಿಳಿದ ವಸ್ತಾದರು ಹೊಸಬನಿಗೆ ನೂರರ ಲೆಕ್ಕ ಕೊಡುವುದಿಲ್ಲ. ಗರಡಿಯ ಮಣ್ಣು (ಮಟ್ಟಿ) ಅಗೆಸಿ ಮೈ ಹದ ಮಾಡಿಸಿ ಆಮೇಲೆ ಎಣಿಕೆ ಏರಿಸುತ್ತಾರೆ. ಗೆಳೆಯನ 300ರ ಹಿಂದೆ ವರ್ಷಗಳಿವೆ. ಡಾಕ್ಟರು ಒಪ್ಪಿದ ಮೇಲೆ 10ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಸುತ್ತಿಗೆ ಎರಡರಂತೆ ಏರಿಸಿ. ಹಿಮ್ಮಡಿ ಏಳದಷ್ಟೇ ಕೂರಿ.

ಪೌಡರ್ ಸದ್ಯಕ್ಕೆ ಬೇಡ. ಮೂತ್ರಪಿಂಡ ಸರಿಯಿದೆ ಎಂದಾದ ಮೇಲೆ, 60 ಕೆ.ಜಿ. ಹುಡುಗನೊಬ್ಬ ಕಸರತ್ತು ಮಾಡುತ್ತಿದ್ದರೆ ಬೇಕಾಗುವುದು ದಿನಕ್ಕೆ 72ರಿಂದ 96 ಗ್ರಾಂ ಪ್ರೋಟೀನ್. 50 ಗ್ರಾಂ ಶೇಂಗಾದಲ್ಲಿ 12, 60 ಗ್ರಾಂ ತೊಗರಿಬೇಳೆಯಲ್ಲಿ 13, 50 ಗ್ರಾಂ ಹೆಸರುಕಾಳಿನಲ್ಲಿ 12, ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16. ರೊಟ್ಟಿ ಅನ್ನದಿಂದ ಇನ್ನೊಂದು 20. ಕೂಡಿಸಿ ನೋಡಿ, 85 ಆಯಿತು. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಬೇಕಾಗುತ್ತದೆ ಎಂಬ ಮಾತು ಹೊಸದಲ್ಲ. ಶೇಂಗಾ, ಮೊಳಕೆಕಾಳು ರೂಮಿನಲ್ಲೇ ಇಟ್ಟುಕೊಳ್ಳಬಹುದು.

ಪ್ರಶ್ನೆ: ಬಿ.ಪಿ.ಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೇನೆ. ಭಾರ ಎತ್ತಬಹುದೇ? ವಾಚಿನಲ್ಲಿ ಎದೆಬಡಿತ ಎಷ್ಟು ನಡೆದರೂ 105 ದಾಟುವುದಿಲ್ಲ.
– ಹರಿಹರ

ಉತ್ತರ: ಆ ಮಾತ್ರೆಯೇ ಬಡಿತವನ್ನು ಏರಗೊಡುವುದಿಲ್ಲ, ವಾಚಿನ ಗುರಿ ನಿಮಗೆ ಅನ್ವಯಿಸದು. ಮೇಲೆ ಹೇಳಿದ ಮಾತು–ಹಾಡಿನ ಪರೀಕ್ಷೆಯೇ ಸಾಕು. ಆರಾಮಾಗಿ 12ರಿಂದ 15 ಸಲ ಎತ್ತಲು ಬರುವಷ್ಟು ಭಾರ ಎತ್ತಿ, ಎತ್ತುವಾಗ ಉಸಿರು ಬಿಡಿ. ಉಸಿರು ಕಟ್ಟಿ ಮುಕ್ಕಿದರೆ ಆ ಗಳಿಗೆಗೆ ಬಿ.ಪಿ. ಜಿಗಿಯುತ್ತದೆ. 180/110 ದಾಟಿದ ದಿನ ಕಸರತ್ತು ಬೇಡ, ಡಾಕ್ಟರನ್ನು ನೋಡಿ. ನಿಯಮಿತ ನಡಿಗೆಯಿಂದ ಮೇಲಿನ ಅಂಕಿ 5ರಿಂದ 8ರಷ್ಟು ಇಳಿಯಬಹುದು. ಅದನ್ನು ನೋಡಿ ಮಾತ್ರೆ ಬಿಟ್ಟವರ ಪತ್ರಗಳೂ ಬರುತ್ತವೆ.

ಪ್ರಶ್ನೆ: ಬೇಸಿಗೆಯಲ್ಲಿ ಜರ್ಕಿನ್ ಹಾಕಿಕೊಂಡು ಓಡಿದರೆ ಬೇಗ ಕೊಬ್ಬು ಕರಗುತ್ತದಂತೆ, ಹೌದೇ?
– ಚಳ್ಳಕೆರೆ

ಉತ್ತರ: ಕರಗುವುದು ನೀರು. ಒಂದು ಚೊಂಬು ಕುಡಿದರೆ ತೂಕ ವಾಪಸ್. ಏಪ್ರಿಲ್ ಬಿಸಿಲಿನಲ್ಲಿ ಜರ್ಕಿನ್ ಹಾಕಿ ಓಡಿದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಬಿಸಿಲಾಘಾತಕ್ಕೆ ನೇರ ದಾರಿ. ಏಳು ಗಂಟೆಯೊಳಗೆ ಮುಗಿಸಿ. ಸಡಿಲ ಹತ್ತಿ ಬಟ್ಟೆ ಹಾಕಿ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಲ್ಲಿಯವರೆಗೆ ಅರ್ಧ ದೂರ ಸಾಕು.

ಪ್ರಶ್ನೆ: ತಾಯಿಗೆ 71. ಬಚ್ಚಲಲ್ಲಿ ಒಮ್ಮೆ ಜಾರಿದ ಮೇಲೆ ಮಂಚ ಬಿಟ್ಟು ಏಳುತ್ತಿಲ್ಲ. ಈ ವಯಸ್ಸಿನಲ್ಲಿ ವ್ಯಾಯಾಮ ಬೇಕೇ?
– ಹಿರಿಯೂರು

ಉತ್ತರ: ಈ ವಯಸ್ಸಿಗೇ ಹೆಚ್ಚು ಬೇಕು. ಬೀಳುವ ಭಯಕ್ಕೆ ಏಳದಿದ್ದರೆ ತೊಡೆ ಸೊರಗಿ, ಬೀಳುವುದು ಇನ್ನೂ ಹೆಚ್ಚಾಗುತ್ತದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಮೈಯ ಸಮತೋಲ ಕಾಯುವ ಅಭ್ಯಾಸ ಬೇಕು. ಅಡುಗೆಕಟ್ಟೆ ಹಿಡಿದು ನಿಲ್ಲಿಸಿ, ನೀವು ಪಕ್ಕದಲ್ಲಿರಿ. ಎರಡು ಪಾದ ಜೋಡಿಸಿ ಹತ್ತು ಸೆಕೆಂಡ್. ಅದು ಸಲೀಸಾದರೆ ಒಂದು ಪಾದ ಅರ್ಧ ಮುಂದೆ. ಅದೂ ಆದರೆ ಒಂದರ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ. ಎರಡು ಕೈಯಿಂದ ಒಂದು ಕೈ, ಒಂದು ಕೈಯಿಂದ ಒಂದು ಬೆರಳು, ಹೀಗೆ ಹಿಡಿತ ಸಡಿಲಿಸುತ್ತಾ ಬನ್ನಿ. ಬಾಗಿಲ ಬಳಿಯ ಸರಿದಾಡುವ ಕಾಲೊರಸು ತೆಗೆಯಿರಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಜಾರಿದಾಗಿನಿಂದ ಸೊಂಟದ ಕೀಲಿನ ಕಡೆ ನೋವಿದ್ದರೆ ಮೊದಲು ಎಕ್ಸ್‌ರೇ.

ಪ್ರಶ್ನೆ: 49 ವರ್ಷ. ಬೆಳಗ್ಗೆ ಬಿರುಸಾಗಿ ನಡೆದರೆ ಎದೆಯ ನಡುವೆ ಹಿಡಿದಂತಾಗುತ್ತದೆ, ನಿಂತರೆ ಐದು ನಿಮಿಷಕ್ಕೆ ಹೋಗುತ್ತದೆ. ಇ.ಸಿ.ಜಿ. ನಾರ್ಮಲ್. ಗ್ಯಾಸ್ ಇರಬಹುದೇ?
– ಜಗಳೂರು

ಉತ್ತರ: ನಡೆದಾಗ ಬಂದು ನಿಂತಾಗ ಹೋಗುವ ಎದೆಹಿಡಿತವನ್ನು ಹೃದಯದ್ದೆಂದೇ ತಿಳಿಯಬೇಕು, ಅಲ್ಲವೆಂದು ತಪಾಸಣೆಯಲ್ಲಿ ಗೊತ್ತಾಗುವವರೆಗೆ. ಮಲಗಿಸಿ ತೆಗೆದ ಇ.ಸಿ.ಜಿ. ಇಂಥವರಲ್ಲಿ ನಾರ್ಮಲ್ ಬರುವುದು ಸಾಮಾನ್ಯ. ಇಂದಿನಿಂದ ನಡಿಗೆ ನಿಲ್ಲಿಸಿ. ಈ ವಾರವೇ ಹೃದಯ ತಜ್ಞರ ಹತ್ತಿರ ಹೋಗಿ, ಇಲ್ಲಿ ಬರೆದಂತೆಯೇ ಹೇಳಿ. ಎಕೋ (ಹೃದಯದ ಸ್ಕ್ಯಾನ್), ಟಿ.ಎಂ.ಟಿ. (ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಇ.ಸಿ.ಜಿ.) ಅಥವಾ ಇನ್ನಾವ ಪರೀಕ್ಷೆ ಎಂದು ಅವರು ನಿರ್ಧರಿಸುತ್ತಾರೆ. ನಿಂತರೂ 15 ನಿಮಿಷದಲ್ಲಿ ಹೋಗದಿದ್ದರೆ, ಕೂತಲ್ಲೇ ಬಂದರೆ, ಬೆವರು ಜೊತೆಗಿದ್ದರೆ, ಬೈಕ್ ಹತ್ತಬೇಡಿ, ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಕರೆ ಮಾಡಿ.